ಕಣಕ್ಕೆ ಬಾರದ ನೀರುಗಂಟಿ

ಸಿದ್ದರಾಮುವಿನ ತಾತ ಕರಿಸಿದ್ದಯ್ಯ. ಕರಿಸಿದ್ದಯ್ಯನ ಮಗ ಪುಟ್ಟಮಾದಯ್ಯ. ಪುಟ್ಟಮಾದಯ್ಯನ ಹೆಂಡತಿ ಚಿಕ್ಕಲಕ್ಷ್ಮಮ್ಮ. ಮದ್ದೂರು ಕಡೆಯ ಕೊಪ್ಪದಿಂದ ಮೂರು ಮೈಲಿ ಒಳಗಿರುವ ನಮ್ಮೂರಿನ ಕೆರೆಯ ತೂಬು ಅರವತ್ತು ವರ್ಷಕ್ಕೂ ಮೇಲ್ಪಟ್ಟು ಈ ಮೂವರ ಕೈಯಲ್ಲಿತ್ತು. ನಮ್ಮೂರಲ್ಲಿ ಅನ್ನ ಉಂಡು ಕೈ ತೊಳೆಯುವ ಯಾವ ಮನೆಯವರೂ ಆ ಮೂವರ ಋಣ ತೀರಿತು ಎಂದು ಎದೆ ಮುಟ್ಟಿ ಹೇಳಲಾರರು.

ಕರಿಸಿದ್ದಯ್ಯ ಊರಿನ ನೀರುಗಂಟಿ. ತೂಬು ಎತ್ತಿ ಕಾಲುವೆಗೆ ನೀರು ಬಿಟ್ಟು, ಯಾರ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ನೀರು ಎಂದು ಹಂಚುವವನು. ಸಂಬಳವಿಲ್ಲ. ಸುಗ್ಗಿಯಲ್ಲಿ ಬತ್ತ ಬಡಿಯುವಾಗ ಕಣಕಣಕ್ಕೂ ಬಂದು ಒಂದೊಂದು ಹೊರೆ ಹೊತ್ತುಕೊಂಡು ಹೋಗುತ್ತಿದ್ದ. ಅದಕ್ಕೆ ಆಯ ಎಂದು ಹೆಸರು. ಅದು ಭಿಕ್ಷೆಯಲ್ಲ, ಧರ್ಮವಲ್ಲ, ದುಡಿದದ್ದು. ಹೊರೆ ಸಣ್ಣದೆನಿಸಿದರೆ ಗೌಡನ ಕಣವಾಗಲಿ ಪಟೇಲನ ಕಣವಾಗಲಿ, ಹಗ್ಗ ಬಿಚ್ಚಿಸಿ ಇನ್ನೆರಡು ಹಿಡಿ ಸೇರಿಸಿ ಕಟ್ಟಿಸಿಕೊಳ್ಳುತ್ತಿದ್ದ.

ಅವನದೊಂದು ಕಟ್ಟಳೆ. ಮೊದಲ ನೀರು ಕಡೇ ಗದ್ದೆಗೆ. ತೂಬಿನ ಪಕ್ಕದವನಿಗೆ ಹೇಗೂ ನೀರು ಸಿಗುತ್ತದೆ, ಕದ್ದಾದರೂ ಸಿಗುತ್ತದೆ. ಅಚ್ಚುಕಟ್ಟಿನ ತುದಿಯಲ್ಲಿರುವವನಿಗೆ ನೀರುಗಂಟಿಯನ್ನು ಬಿಟ್ಟರೆ ದೇವರೂ ಇಲ್ಲ. ಕಡೇ ಗದ್ದೆ ತೆನೆ ತುಂಬದ ವರ್ಷ ಕರಿಸಿದ್ದಯ್ಯ ಯಾವ ಕಣಕ್ಕೂ ಕಾಲಿಡುತ್ತಿರಲಿಲ್ಲ. ಅಂಥದ್ದೊಂದು ವರ್ಷವನ್ನು ನಾನೇ ಕಂಡಿದ್ದೇನೆ. ಏಡಿ ಕೊರೆದು ಕಾಲುವೆಯ ಬದುವಿನಲ್ಲಿ ತೂತು ಬಿದ್ದು, ಎರಡು ಸರದಿಯ ನೀರು ಹಳ್ಳದ ಪಾಲಾಯಿತು. ಕಡೇ ಗದ್ದೆ ಜೊಳ್ಳಾಯಿತು. ಉಳಿದವರ ಕಣದಲ್ಲಿ ರಾಶಿ ಬಿದ್ದಿತ್ತು. ನಮ್ಮಪ್ಪ ಮನಸ್ಸು ತಡೆಯದೆ ಒಂದು ಹೊರೆಯನ್ನು ಆಳಿನ ಕೈಲಿ ಕರಿಸಿದ್ದಯ್ಯನ ಅಂಗಳಕ್ಕೆ ಕಳಿಸಿದ. ಬಿಸಿಲು ಏರುವ ಮೊದಲೇ ಆ ಹೊರೆ ಕರಿಸಿದ್ದಯ್ಯನ ತಲೆಯ ಮೇಲೆ ವಾಪಸು ಬಂತು. "ಕಡೇ ಗದ್ದೆಗೆ ನೀರು ಮುಟ್ಟುಸ್ದೇ ಇರೋನು ಕಣಕ್ಕೆ ಬರಬಾರ್ದು ಬುದ್ಧಿ" ಎಂದು ಇಳಿಸಿ ಹೋದ. ಆ ವರ್ಷ ಆ ಮನೆಯವರು ಕೆರೆ ಏರಿಯ ಸೊಪ್ಪು ಬೇಯಿಸಿಕೊಂಡು ತಿಂದರು.

ಪುಟ್ಟಮಾದಯ್ಯನದು ಇನ್ನೊಂದು ಬಗೆ. ತೂಬಿನ ಹತ್ತಿರದ ದೊಡ್ಡ ಹಿಡುವಳಿಯವನೊಬ್ಬ ಸರದಿ ತಪ್ಪಿಸಿ ನೀರು ಕೇಳಿದ. ಪುಟ್ಟಮಾದಯ್ಯ ಬಿಡಲಿಲ್ಲ. ಎತ್ತಿಗೆ ಹೊಡೆಯುವ ಬಾರುಕೋಲಿನಿಂದ ಹೊಡೆಸಿಕೊಂಡ. ನಾಲ್ಕು ದಿನದ ಮೇಲೆ ಆ ಹೊಡೆದವನ ಸರದಿ ಬಂತು. ಬಾಸುಂಡೆಯ ಬೆನ್ನಿನಲ್ಲೇ ಹೋಗಿ, ಒಂದು ಅಂಗೈ ನೀರೂ ಕಡಿಮೆಯಾಗದಂತೆ ಅವನ ಗದ್ದೆ ತುಂಬಿಸಿ ಬಂದ. ಇನ್ನು ಚಿಕ್ಕಲಕ್ಷ್ಮಮ್ಮ, ಗಂಡ ಜ್ವರದಲ್ಲಿ ಮಲಗಿದ ವರ್ಷ ಮಗುವನ್ನು ಬೆನ್ನಿಗೆ ಸೀರೆಯಲ್ಲಿ ಕಟ್ಟಿಕೊಂಡು ತಾನೇ ತೂಬಿಗೆ ಇಳಿದವಳು. ಆ ಬೆನ್ನಿನ ಮೇಲಿನ ಮಗುವೇ ಸಿದ್ದರಾಮು.

ಇಲ್ಲಿ ಎರಡು ಮಾತು ಹೇಳಿಯೇ ಮುಂದೆ ಹೋಗಬೇಕು. ಈ ಮನೆಯವರು ಹಾಯಿಸಿದ ನೀರಿನಲ್ಲಿ ಬೆಳೆದ ಅನ್ನವನ್ನು ಊರೆಲ್ಲ ಉಂಡೆವು. ಆದರೆ ಇವರ ಮನೆಯ ಚೊಂಬಿನ ನೀರನ್ನು ನಮ್ಮ ಬೀದಿಯ ಒಬ್ಬರೂ ಮುಟ್ಟಲಿಲ್ಲ. ಎರಡನೆಯದು, ಆ ಕಡೇ ಗದ್ದೆ ಯಾರದು ಎಂಬುದು. ನನ್ನದು. ನಮ್ಮಪ್ಪ ಅದನ್ನು ಆಮೇಲೆ ಕೊಂಡ. ಈಗಲೂ ನನ್ನ ಹೆಸರಿನಲ್ಲೇ ಇದೆ.

ಸಿದ್ದರಾಮು ಇಪ್ಪತ್ತನೇ ವಯಸ್ಸಿಗೆ ಮಿಲಿಟರಿ ಸೇರಿದ. ಬೆಳಗಾಗುವ ಮುಂಚೆ ಕೆರೆ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ಹತ್ತು ಸಲ ಓಡುತ್ತಿದ್ದ ಹುಡುಗ. ಮಂಡ್ಯದಲ್ಲಿ ಆಳು ತೆಗೆದುಕೊಳ್ಳುವಾಗ ಎದೆ ಅಳೆದವನು "ಏನ್ ತಿಂತೀಯೋ?" ಎಂದು ಕೇಳಿದ್ದಕ್ಕೆ "ಮುದ್ದೆ ಸಾ, ಸಿಕ್ಕಿದ್ರೆ" ಎಂದನಂತೆ. ಹಿಮದ ಬೆಟ್ಟಗಳ ಗಡಿಯಿಂದ ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ. ಕಬ್ಬಿಣದ ಪೆಟ್ಟಿಗೆ, ಅದರಲ್ಲಿ ಅವ್ವನಿಗೊಂದು ಉಣ್ಣೆಯ ಶಾಲು, ಊರ ಮಕ್ಕಳಿಗೆ ಒಡೆದು ತಿನ್ನುವ ಅಖ್ರೋಟು. ಅರಳಿಕಟ್ಟೆಯ ಮೇಲೆ ಜನ ಮುತ್ತಿಕೊಳ್ಳುತ್ತಿದ್ದರು.

"ಏನ್ಲಾ ಸಿದ್ದ, ಅಲ್ಲಿ ನೀರೇ ಕಲ್ಲಾಯ್ತದಂತೆ? ಇನ್ನ ತೂಬ್ ಎತ್ತೋದ್ ಎಂಗ್ಲಾ?"

"ಅಲ್ಲಿ ನೀರ್ ಅಂಚೋ ಕೆಲ್ಸ ಇಲ್ಲ ಕಣಣ್ಣ. ಬೆಟ್ಟದ್ ನೆತ್ತಿ ಮ್ಯಾಲೆ ಒಂದ್ ಚೌಕಿ. ಅಲ್ಲಿ ನಿಂತ್ಕಂಡು ಸರದಿ ಕಾಯೋದು. ಸರದಿ ಮುಗಿದ್ರೆ ಇಳ್ಕಬರೋದು, ಇನ್ನೊಬ್ಬ ಅತ್ತೋದು."

"ಅಂಗಾರೆ ಅದೂ ನೀರ್ಗಂಟಿ ಕೆಲ್ಸವೇ ಅನ್ನು!"

ಏಳನೇ ವರ್ಷದ ಚಳಿಗಾಲದಲ್ಲಿ ಎಡಗಾಲಿನ ಎರಡು ಬೆರಳು ಹಿಮ ಕಡಿದು ಕಪ್ಪಾಗಿ, ಕತ್ತರಿಸಿದರು. ಆ ಸಲ ಬಂದಾಗ ಚಪ್ಪಲಿ ಬಿಚ್ಚಿ ತೋರಿಸಿ, "ಸರ್ಕಾರಕ್ಕೆ ಎರಡ್ ಬೆಳ್ಳು ಕಂದಾಯ ಕಟ್ಟಿವ್ನಿ, ರಸೀತಿ ಇನ್ನೂ ಬಂದಿಲ್ಲ" ಎಂದು ನಕ್ಕ. ಹದಿನೈದು ವರ್ಷ ತುಂಬಿದರೆ ಪಿಂಚಣಿ, ಆಮೇಲೆ ಊರಲ್ಲೊಂದು ತಾರಸಿ ಮನೆ ಎಂಬ ಲೆಕ್ಕಾಚಾರ ಅವನಲ್ಲಿತ್ತು.

ಹನ್ನೊಂದನೇ ವರ್ಷ ರಜೆಗೆ ಬಂದಿದ್ದ. ಹಿಂದಿರುಗಲು ನಾಲ್ಕು ದಿನ ಉಳಿದಿರುವಾಗ ಪುಟ್ಟಮಾದಯ್ಯ ಕೆರೆ ಏರಿಯ ಮೇಲೆ ಕೂತವನು ಕೂತ ಹಾಗೇ ಹೋಗಿಬಿಟ್ಟ. ಮಹಾಲಯ ಅಮಾವಾಸ್ಯೆ ಕಳೆದು ಎರಡು ದಿನವಾಗಿತ್ತು. ಸಿದ್ದರಾಮು ಒಬ್ಬನೇ ಮಗ. ಅಪ್ಪನಿಗೆ ಮೊದಲ ಹಿಡಿ ಮಣ್ಣು ಹಾಕಿದವನು. ಮಣ್ಣು ಮಾಡಿ ಬಂದ ಸಂಜೆಯೇ ನನ್ನ ಹತ್ತಿರ ಬಂದು, "ಗೌಡ್ರೆ, ಕೊಪ್ಪುಕ್ಕೆ ಓಗಿ ತಂತಿ ಕೊಟ್ ಬತ್ತೀನಿ. ಅದಿನೈದು ದಿನ ರಜ ಜಾಸ್ತಿ ಮಾಡ್ತಾರೆ" ಎಂದ.

ನಾನು ತಡೆದೆ. ಮೊದಲ ಹಿಡಿ ಮಣ್ಣು ಹಾಕಿದ ಮಗ ಹನ್ನೊಂದನೇ ದಿನದ ತಿಥಿ ಮುಗಿಯುವ ತನಕ ಊರ ಗಡಿ ದಾಟಬಾರದು. ಇದು ನಮ್ಮಲ್ಲಿ ಎಲ್ಲ ಬೀದಿಗೂ ಒಂದೇ. "ನೀನ್ ಗಡಿ ದಾಟ್ಬೇಡ ಕಣ್ಲಾ. ನಾನಿಲ್ವಾ, ನಾನ್ ಬರೀತೀನಿ" ಎಂದೆ.

ನಾನು ಓದಿದ್ದು ಮೂರನೇ ಕ್ಲಾಸು. ಉಳಿದ ವಿದ್ಯೆಯೆಲ್ಲ ಸಂತೆಯಲ್ಲಿ ಕಡಲೆಕಾಯಿ ಕಟ್ಟಿಕೊಟ್ಟ ಕಾಗದ ಬಿಡಿಸಿ ಓದಿ ಕಲಿತದ್ದು. ಹಾಗೆ ಕಲಿತವನಿಗೆ ಸ್ಕೂಲಿನಲ್ಲಿ ಕಲಿತವನಿಗಿಂತ ಜಂಬ ಹೆಚ್ಚು. ಊರಿನ ಅರ್ಜಿ, ಲಗ್ನಪತ್ರಿಕೆ, ಕೋರ್ಟಿನ ಜವಾಬು ಎಲ್ಲವೂ ನನ್ನ ಕೈಬರಹದಲ್ಲೇ ಹೋಗುತ್ತಿದ್ದವು. ಆದರೂ ಆ ಹನ್ನೊಂದು ದಿನ ನಾನು ಬರೆಯಲಿಲ್ಲ. ತಿಥಿ ಕಳೆಯಲಿ, ಒಟ್ಟಿಗೇ ಬರೆದರಾಯಿತು ಎಂದು ಕೂತೆ. ಅದಕ್ಕೊಂದು ಕಾರಣವಿತ್ತು. ಆ ವರ್ಷ ಹಿಂಗಾರು ಕೈಕೊಟ್ಟಿತ್ತು. ಕೆರೆಯಲ್ಲಿ ನೀರು ಅರ್ಧಕ್ಕಿಂತ ಕೆಳಗೆ. ಬತ್ತ ಹೊಡೆಗೆ ಬಂದಿತ್ತು, ಇನ್ನು ಹತ್ತು ದಿನಕ್ಕೆ ತೆನೆ ಹೊರಗೆ ಬರಬೇಕು. ಆ ಹೊತ್ತಿನಲ್ಲಿ ನೀರು ತಪ್ಪಿದರೆ ಜೊಳ್ಳು. ಇರುವ ನೀರನ್ನು ಅಳೆದು ತೂಗಿ ತುದಿಯ ತನಕ ಮುಟ್ಟಿಸುವ ಕೈ ಊರಲ್ಲಿ ಸಿದ್ದರಾಮುವಿನದು ಒಂದೇ. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಗುದ್ದಲಿ ಹೊತ್ತು ತಿರುಗಿ ಕಲಿತವನು.

ತಿಥಿಯ ಮಾರನೇ ದಿನ ಅರಳಿಕಟ್ಟೆಯಲ್ಲಿ ಊರು ಸೇರಿತು. ಪುಟ್ಟಮಾದಯ್ಯನ ಗುದ್ದಲಿಯನ್ನು ತೊಳೆದು ಅರಿಶಿನ ಹಚ್ಚಿ ಇಟ್ಟಿದ್ದರು. ಸಿದ್ದರಾಮು ಅದನ್ನು ಮುಟ್ಟದೆ ನಿಂತ.

"ಅಲ್ಲಿ ನನ್ ಸರದಿ ಐತೆ. ಮುಂದುಲ್ ತಿಂಗ್ಳು ಮ್ಯಾಲಿನ್ ಚೌಕಿಗೆ ನಾನೇ ಅತ್ಬೇಕು. ನಾನ್ ಓಗ್ದಿದ್ರೆ ಇನ್ನೊಬ್ಬುನ್ನ ಅತ್ತುಸ್ತಾರೆ."

"ಅತ್ಲಿ ಬುಡ್ಲಾ! ಅಷ್ಟ್ ದೊಡ್ ದಂಡಲ್ಲಿ ಆಳಿಗೆ ಬರವಾ?"

"ಅದು ಅಂಗಲ್ಲ ಕಣಣ್ಣ..."

ಆಗ ನಾನು ಆಡಿದ ಮಾತು ಇವತ್ತಿಗೂ ನನ್ನ ಗಂಟಲಲ್ಲಿ ಮುಳ್ಳಾಗಿ ನಿಂತಿದೆ. "ನಿಮ್ ತಾತ ಇದ್ದಿದ್ರೆ ಕಡೇ ಗದ್ದೆ ಒಣಗಕ್ಕೆ ಬಿಟ್ಟು ಊರು ಬಿಡ್ತಿದ್ನೇನ್ಲಾ?" ಎಂದೆ.

ಸಿದ್ದರಾಮು ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಬಗ್ಗಿ ಗುದ್ದಲಿ ಎತ್ತಿಕೊಂಡ.

ಅವತ್ತೇ ಕೂತು ಕಾಗದ ಬರೆದೆ. ಮೂರು ಹಾಳೆ. 'ದಂಡಿನ ದೊಡ್ಡ ಸಾಹೇಬರ ಸನ್ನಿಧಾನಕ್ಕೆ' ಎಂದು ಶುರು ಮಾಡಿ, ಕೆರೆಯ ನೀರಿನ ಮಟ್ಟ, ಬತ್ತದ ಹೊಡೆ, ನೀರುಗಂಟಿ ಮನೆತನದ ಹಿರಿಮೆ ಎಲ್ಲವನ್ನೂ ವಿವರವಾಗಿ ಬರೆದು, 'ಆದುದರಿಂದ ಸದರಿ ಸಿದ್ದರಾಮುವನ್ನು ಬೆಳೆ ಕೈಗೆ ಬರುವವರೆಗೆ ಊರಿನಲ್ಲೇ ಉಳಿಸಿಕೊಳ್ಳಲು ಗ್ರಾಮಸ್ಥರು ಒಮ್ಮತದಿಂದ ತೀರ್ಮಾನಿಸಿರುತ್ತೇವೆ, ತಾವು ಬೇರೆಯವರಿಂದ ಸರಿದೂಗಿಸಿಕೊಳ್ಳತಕ್ಕದ್ದು' ಎಂದು ಮುಗಿಸಿದೆ. ಹೊಸ ಅಕ್ಕಿ ಒಂದು ಮೂಟೆ ಸಾಹೇಬರಿಗೆ ಕಳಿಸುತ್ತೇವೆ ಎಂದೂ ಸೇರಿಸಿದೆ. ಐದು ಜನ ಹಿರಿಯರು ರುಜು ಹಾಕಿದರು, ಇಬ್ಬರು ಹೆಬ್ಬೆಟ್ಟು ಒತ್ತಿದರು. ಊರೊಟ್ಟಿನ ಮಾತಿಗೆ ಸರ್ಕಲ್ ಇನ್ಸ್‌ಪೆಕ್ಟರೇ ತಲೆಬಾಗಿದ್ದನ್ನು ಕಂಡವರು ನಾವು. ದಂಡಿನವರು ಬಾಗುವುದಿಲ್ಲ ಎಂದು ನಮಗೆ ಹೊಳೆಯಲೇ ಇಲ್ಲ. ಪುಟ್ಟಮಾದಯ್ಯ ಸತ್ತ ವಿಷಯವನ್ನು ಎರಡನೇ ಹಾಳೆಯ ನಡುವೆ ಒಂದೇ ಸಾಲಿನಲ್ಲಿ ಬರೆದಿದ್ದೆ.

ಸಿದ್ದರಾಮು ನೀರು ಹಂಚಿದ. ಅವನು ಹಂಚಿದ ಚೆಂದವನ್ನು ಊರು ಇನ್ನೂ ನೆನೆಯುತ್ತದೆ. ಕೆರೆ ಬತ್ತುವುದಕ್ಕೂ ನನ್ನ ಗದ್ದೆಯ ತೆನೆ ಬಾಗುವುದಕ್ಕೂ ಸರಿಹೋಯಿತು. ಕಡೇ ನೀರು ಹಾಯಿಸಿದ ಮಾರನೇ ದಿನ ಅವನು ಪೆಟ್ಟಿಗೆ ಹಿಡಿದು ಹೊರಟ. ಅಷ್ಟರಲ್ಲಿ ರಜೆ ಮುಗಿದು ನಲವತ್ತು ದಿನವಾಗಿತ್ತು. ಸುಗ್ಗಿಯಲ್ಲಿ ಚಿಕ್ಕಲಕ್ಷ್ಮಮ್ಮ ಮಗನ ಬದಲಿಗೆ ಕಣಕಣಕ್ಕೂ ಬಂದು ಆಯ ತೆಗೆದುಕೊಂಡಳು. ನನ್ನ ಕಣದ ಹೊರೆ ಎಲ್ಲಕ್ಕಿಂತ ದಪ್ಪಗಿತ್ತು.

ಯುಗಾದಿಗೆ ಸಿದ್ದರಾಮು ವಾಪಸು ಬಂದ. ಪೆಟ್ಟಿಗೆ ಅದೇ, ಮೈಮೇಲೆ ಮಾತ್ರ ಮಿಲಿಟರಿ ಬಟ್ಟೆ ಇರಲಿಲ್ಲ. ಕೆಲಸದಿಂದ ತೆಗೆದಿದ್ದರು. ಪಿಂಚಣಿಯೂ ಇಲ್ಲ, ಸರ್ಕಾರದ ಬೇರೆ ಸವಲತ್ತೂ ಇಲ್ಲ. ನಾನು ಓಡಿ ಹೋಗಿ, "ನನ್ ಕಾಗ್ದ ಮುಟ್ಲಿಲ್ವೇನ್ಲಾ?" ಎಂದು ಕೇಳಿದೆ.

"ಮುಟ್ತು ಗೌಡ್ರೆ. ನಮ್ ಕಡೇ ಉಡ್ಗ ಒಬ್ನ ಕೈಲಿ ಓದ್ಸುದ್ರು. ವಿಚಾರಣೆ ಮಾಡೋ ಸಾಹೇಬ್ರ ಮೇಜಿನ್ ಮ್ಯಾಲೆ ಅದೊಂದೇ ಕಾಗ್ದ ಇದ್ದುದ್ದು. ಇವ್ನು ಬೇಕು ಅಂತ್ಲೇ ಉಳ್ಕಂಡವ್ನೆ ಅನ್ನೋಕೆ ಬ್ಯಾರೆ ಸಾಕ್ಷಿ ಬ್ಯಾಡ ಅಂದ್ರು." ಹೇಳಿ ನಕ್ಕ. "ನಿಮ್ ಅಕ್ಸರ ಚೆಂದಾಗದೆ ಅಂತ್ಲೂ ಅಂದ್ರು ಕಣಿ."

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಇನ್ನೇನೋ ಒಂದು ಅವನ ಬಾಯಿಯವರೆಗೆ ಬಂದು ಹಿಂದಕ್ಕೆ ಹೋದದ್ದನ್ನು ಕಂಡೆ. ಕೇಳುವ ಧೈರ್ಯ ನನಗಿರಲಿಲ್ಲ.

ಆಮೇಲಿನ ಇಪ್ಪತ್ತಮೂರು ವರ್ಷ ಅವನು ಊರಲ್ಲೇ ಬಾಳಿದ. ಭಾಗ್ಯಲಕ್ಷ್ಮಿಯನ್ನು ಮದುವೆಯಾದ. ನೀರುಗಂಟಿ ಕೆಲಸ ಹಿಡಿದ. ಗೆಜ್ಜಲಗೆರೆಯ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆದ. ಆಗಸ್ಟ್ ಹದಿನೈದಕ್ಕೆ ಸ್ಕೂಲಿನಲ್ಲಿ ಬಾವುಟ ಹಾರಿಸುವಾಗ ಸುತ್ತಮುತ್ತಲಿನ ಮಾಜಿ ಸೈನಿಕರನ್ನು ಕರೆದು ಕುರ್ಚಿ ಹಾಕಿ ಕೂರಿಸುತ್ತಾರೆ. ಸಿದ್ದರಾಮುವನ್ನು ಕರೆಯುತ್ತಿರಲಿಲ್ಲ. ಅವನು ಕಾಂಪೌಂಡಿನ ಹೊರಗೆ, ಹುಣಸೆಮರದ ಕೆಳಗೆ, ಹಾಡು ಮುಗಿಯುವ ತನಕ ಕಂಬದ ಹಾಗೆ ನೆಟ್ಟಗೆ ನಿಂತಿದ್ದು ಹೋಗುತ್ತಿದ್ದ. 'ಓಡ್ ಬಂದ ಮಿಲಿಟ್ರಿ' ಎಂದು ಹಿಂದಿನಿಂದ ಆಡಿಕೊಳ್ಳುವ ನಾಲಗೆಗಳೂ ಇದ್ದವು. ಆ ನಾಲಗೆಗಳು ಅವನು ಹಾಯಿಸಿದ ನೀರಿನ ಅನ್ನವನ್ನೇ ಉಂಡಿದ್ದವು.

ಅವನದೊಂದು ಪರಿಪಾಠ ಊರಿಗೆ ಒಗಟಾಗಿತ್ತು. ಈಗ ಕೊಯ್ಯುವ ಮಿಷನ್ ಬಂದು ಹೊರೆಯಿಲ್ಲ, ಕಣವೂ ಇಲ್ಲ. ಆಯವೆಂದರೆ ಮನೆಗೊಂದು ಚೀಲ ಬತ್ತ, ಅದನ್ನೂ ಕೊಡುವವರು ಕೊಡುತ್ತಾರೆ. ನನ್ನ ಗದ್ದೆಯ ಚೀಲವನ್ನು ಅವನು ಮನೆಗೆ ಒಯ್ಯುತ್ತಿರಲಿಲ್ಲ. ಟಿವಿಎಸ್ ಗಾಡಿಗೆ ಬಿಗಿದು, ಮದ್ದೂರು ದಾಟಿ, ಮಳವಳ್ಳಿ ದಾಟಿ, ಕುರಿಗೆ ಹೆಸರಾದ ಬಂಡೂರಿಗೆ ಹೋಗುತ್ತಿದ್ದ. ಮುಸ್ಸಂಜೆಯ ಹೊತ್ತಿಗೆ ಬರಿಗೈಲಿ ಬರುತ್ತಿದ್ದ.

"ಬಂಡೂರ್ ಕುರಿ ತರಕ್ ಓಯ್ತಾನೆ ಅನ್ಕಂಡ್ರೆ ಒಂದ್ ಬಾಲಾನೂ ಕಾಣೆ. ಅಲ್ಲೇ ಇನ್ನೊಂದ್ ಮನೆ ಮಡಗವ್ನೆ ಕಣೆ ಭಾಗ್ಯ, ಉಸಾರು!" ಎಂದು ಹೆಂಗಸರು ಕಾಲೆಳೆದರೆ, ಭಾಗ್ಯಲಕ್ಷ್ಮಿ, "ಮಡೀಕಳ್ಳಿ ಬುಡಿ, ಮುದ್ದೆ ಇಕ್ಕೋಳು ಇನ್ನೊಬ್ಳಾದ್ರೆ ನಂಗೂ ಒಂದಿನ ರಜ ಸಿಕ್ತದೆ" ಎನ್ನುತ್ತಿದ್ದಳು. ಆದರೆ ಎಲ್ಲಿಗೆ, ಯಾಕೆ ಎಂದು ಬಾಯಿ ಬಿಡುತ್ತಿರಲಿಲ್ಲ.

ಹೋದ ಆಷಾಢದಲ್ಲಿ ಅವನ ಎಡಗಾಲಿಗೆ ಗಾಯವಾಯಿತು. ಬೆರಳಿಲ್ಲದ ಕಾಲು, ಇಪ್ಪತ್ತು ವರ್ಷ ಕೆಸರಿನಲ್ಲಿ ನಿಂತ ಕಾಲು, ಜೊತೆಗೆ ಸಕ್ಕರೆ ಕಾಯಿಲೆ. ಗಾಯ ಮಾಯಲಿಲ್ಲ. ಮಂಡ್ಯದ ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ತೆಗೆದುಹಾಕಿದರು. ಕಾರ್ಖಾನೆಯವರು ಒಳ್ಳೆಯ ಮಾತೇ ಆಡಿದರು. ಕಾಲು ಹಾಕಿಸಿಕೊಂಡು ನೆಟ್ಟಗೆ ನಿಲ್ಲುವಂತಾದರೆ ಅದೇ ಗೇಟು, ಅದೇ ಕೆಲಸ. ಸಂಕ್ರಾಂತಿಯವರೆಗೆ ಕಾಯುತ್ತೇವೆ ಎಂದರು. ಒಳ್ಳೆಯ ಕಾಲು ಹಾಕಿಸಿಕೊಳ್ಳುವುದು ಅವನ ಕೈಗೆ ಎಟುಕುವ ಮಾತಾಗಿರಲಿಲ್ಲ. ಭಾಗ್ಯಲಕ್ಷ್ಮಿ ಗಾರ್ಮೆಂಟ್ಸ್ ಬಸ್ಸು ಹತ್ತತೊಡಗಿದಳು. ಜೀವಮಾನವೆಲ್ಲ ನಿಂತೇ ಬದುಕಿದ ಮನುಷ್ಯ ಜಗುಲಿಯ ಮೇಲೆ ಕೂತುಬಿಟ್ಟ.

ನಾನು ನೋಡಲು ಹೋದೆ. ಎಪ್ಪತ್ತೆಂಟು ವರ್ಷದಲ್ಲಿ ಆ ಮನೆಯ ಹೊಸಿಲು ದಾಟಿದ್ದು ಅದೇ ಮೊದಲು. ಭಾಗ್ಯಲಕ್ಷ್ಮಿ ಚೊಂಬಿನಲ್ಲಿ ನೀರು ತಂದು, ಕೊಡಲೋ ಬೇಡವೋ ಎಂದು ಕೈಯಲ್ಲೇ ಹಿಡಿದು ನಿಂತಳು. ಇಸಿದುಕೊಂಡು ಕುಡಿದೆ.

"ಲೇ ಸಿದ್ದರಾಮು, ಕಾಲು ನಾನ್ ಹಾಕುಸ್ತೀನಿ ಕಣ್ಲಾ. ಧರ್ಮಕ್ಕಲ್ಲ. ಆ ವರ್ಷ ನನ್ನ ಕಡೇ ಗದ್ದೆ ಉಳಿಸ್ದಲ್ಲ, ಅದರ ಆಯ ಅಂತ ತಿಳ್ಕ" ಎಂದೆ.

"ಆ ವರ್ಸುದ್ ಆಯ ನಮ್ಮವ್ವ ಆವತ್ತೇ ತಗಂಡಳಲ್ಲ ಗೌಡ್ರೆ! ಒಂದೇ ನೀರಿಗೆ ಎರಡ್ ಸಲ ಒರೆ ಒತ್ತರೆ ನಮ್ ತಾತ ಗುಂಡೀಲಿ ಮಗ್ಗುಲ್ ತಿರುಗ್ತಾನೆ. ಬುಡಿ ಬುಡಿ."

ನಕ್ಕು ಹೇಳಿದ. ಆದರೆ ಆ ನಗೆಯಲ್ಲಿ ಬಾಗಿಲು ಮುಚ್ಚಿತ್ತು. ನನ್ನಿಂದ ಇಸಿದುಕೊಳ್ಳುವುದಿಲ್ಲ, ಸರಿ. ಸೈನಿಕನಾಗಿ ಅವನಿಗೆ ಬರಬೇಕಾದದ್ದನ್ನಾದರೂ ಕೊಡಿಸೋಣ ಎಂದು ನಾನು ಮದ್ದೂರಿನ ಬಸ್ಸು ಹತ್ತಿದೆ.

ಮದ್ದೂರಿನಲ್ಲಿ ಮಾಜಿ ಸೈನಿಕರ ಒಂದು ಸಣ್ಣ ಸಂಘವಿದೆ. ಡಿಸೆಂಬರಿನಲ್ಲಿ ಧ್ವಜ ದಿನದ ಸುಮಾರಿಗೆ ಅಂಗಡಿ ಅಂಗಡಿ ಸುತ್ತಿ ಚಂದಾ ಎತ್ತಿ, ಕಷ್ಟದಲ್ಲಿರುವ ಸೈನಿಕರಿಗೆ, ಸೈನಿಕರ ಹೆಂಡತಿ ಮಕ್ಕಳಿಗೆ ನೆರವು ಮಾಡುತ್ತಾರೆ. ಅದರ ಕಾರ್ಯದರ್ಶಿ ಹೊನ್ನಯ್ಯ, ಸುಬೇದಾರನಾಗಿ ನಿವೃತ್ತನಾದವನು. ಬೆಣ್ಣೆಯಂಥ ಮನಸ್ಸು, ಬೆಣಚುಕಲ್ಲಿನಂಥ ಬಾಯಿ.

"ಅನ್ನೊಂದ್ ವರ್ಸ ಸರ್ವೀಸು, ಮಂಜಲ್ಲಿ ಬೆಳ್ಳು ಓಗವೆ, ಈಗ ಕಾಲೂ ಓಯ್ತು. ಇಂಥೋನ್ನ ಇಲ್ಲೀಗಂಟ ಬಚ್ಚಿಟ್ಕಂಡು ಕೂತಿದ್ರಲ್ಲ, ನಿಮ್ಮೂರ್ ಜನ ಏನ್ ಜನಾರೀ?" ಎಂದು ನನ್ನನ್ನೇ ಗದರಿ, ಅರ್ಜಿ ಕೈಗಿಟ್ಟ. "ಬರ್ದಿಟ್ಟಿರಿ. ಬಾನುವಾರ ನಾನೇ ಬಂದು ನೋಡಿ ರುಜು ಆಕುಸ್ಕೊಂಡ್ ಓಯ್ತೀನಿ. ಜೈಪುರದ ಕಾಲೇ ತರುಸ್ತೀನಿ, ಸಂಕ್ರಾಂತಿಗೆ ನಿಲ್ಸಣ."

ಅರ್ಜಿ ತುಂಬಿಸಲು ಕೂತೆ. ಎಲ್ಲ ಸರಾಗವಾಗಿ ಹೋಯಿತು. 'ಸೇವೆಯಿಂದ ಬಿಡುಗಡೆಯಾದ ಕಾರಣ' ಎಂಬಲ್ಲಿ ಪೆನ್ನು ನಿಂತಿತು. ಹಿಂದೆ ಒಂದು ಸಲ ಇದ್ದದ್ದನ್ನು ಇದ್ದ ಹಾಗೆ ಬರೆದು ಒಬ್ಬನ ಬಾಳಿಗೆ ಕಲ್ಲು ಹಾಕಿದ್ದೆ. ಈ ಸಲ ಜಾಣನಾಗೋಣವೆಂದು, 'ತಂದೆಯ ಮರಣ ಹಾಗೂ ಮನೆಯ ಕಷ್ಟದ ನಿಮಿತ್ತ ಸ್ವಇಚ್ಛೆಯಿಂದ' ಎಂದು ಬರೆದೆ. ಹೊನ್ನಯ್ಯನಿಗೂ ಹಾಗೆಯೇ ಹೇಳಿದ್ದೆ.

ಭಾನುವಾರ ಹೊನ್ನಯ್ಯ ಬೈಕಿನಲ್ಲಿ ಬಂದ. ಅವನು ಅಂಗಳಕ್ಕೆ ಕಾಲಿಟ್ಟದ್ದೇ ತಡ, ಸಿದ್ದರಾಮು ಕಂಬ ಹಿಡಿದುಕೊಂಡು ಒಂಟಿ ಕಾಲಿನ ಮೇಲೆ ಎದ್ದು ನಿಂತು ಸೆಲ್ಯೂಟ್ ಹೊಡೆದ. ಹೊನ್ನಯ್ಯ ಬೆಚ್ಚಿ, ತಾನೂ ಹೊಡೆದು, ಓಡಿ ಹೋಗಿ ಅವನನ್ನು ಹಿಡಿದು ಕೂರಿಸಿದ. ಭಾಗ್ಯಲಕ್ಷ್ಮಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆ 'ಸೆಲ್ಯೂಟ್'ಗೆ ಇಪ್ಪತ್ತಮೂರು ವರ್ಷದಲ್ಲಿ ಯಾರೂ ಮರಳಿ ಸೆಲ್ಯೂಟ್ ಹೊಡೆದಿರಲಿಲ್ಲ.

ಅರ್ಜಿ ಕೊಟ್ಟೆವು. ಸಿದ್ದರಾಮು ಮೊದಲಿಂದ ಕೊನೆಯವರೆಗೆ ಓದಿದ. ತಲೆ ಎತ್ತಿದ.

"ಇದುನ್ನ ಬರ್ದೋರು ಯಾರು?"

"ನಾನೇ ಕಣ್ಲಾ."

"ಗೌಡ್ರೆ, ಮೊದುಲ್ನೇ ಕಾಗ್ದದಲ್ಲಿ ನಿಜ ಬರುದ್ರಿ, ಕೆಟ್ಟೆ. ಈಗ ಸುಳ್ ಬರ್ದು ಉದ್ಧಾರ ಮಾಡ್ತೀರಾ?"

ಸಿದ್ದರಾಮು ಹೊನ್ನಯ್ಯನ ಕಡೆ ತಿರುಗಿ, ರಜೆ ಮೀರಿ ನಲವತ್ತು ದಿನ ಉಳಿದದ್ದನ್ನು, ತೆಗೆದುಹಾಕಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದ. ನಾನು ನಡುವೆ ಬಾಯಿ ಹಾಕಿ, ಉಳಿಸಿಕೊಂಡವರು ನಾವು, ತಾತನ ಹೆಸರು ಎತ್ತಿ ಕಟ್ಟಿಹಾಕಿದವನು ನಾನು ಎಂದು ಒಪ್ಪಿಕೊಂಡೆ.

ಹೊನ್ನಯ್ಯ ಅರ್ಜಿಯನ್ನು ತನ್ನ ಕಡೆಗೆ ಎಳೆದುಕೊಂಡ. 'ಸ್ವಇಚ್ಛೆಯಿಂದ' ಎಂದಿದ್ದ ಸಾಲನ್ನು ತಾನೇ ಹೊಡೆದುಹಾಕಿದ.

"ನೋಡು ಸಿದ್ದರಾಮು. ಸರ್ಕಾರದ್ ರೂಲು ಸರ್ಕಾರಕ್ಕೆ. ನಮ್ದು ಚಂದಾ ಎತ್ತಿದ್ ದುಡ್ಡು, ನಾವ್ ನಾವೇ ಕೊಡೋದು. ಇರೋದ್ ಇದ್ದಂಗೇ ಬರೀತೀನಿ. ಕಮಿಟೀಲಿ ಯಾವನಾರಾ ಕೆಮ್ಮುದ್ರೆ ನಾನ್ ಮಾತಾಡ್ತೀನಿ. ಅನ್ನೊಂದ್ ವರ್ಸ ನಿಂತೋನು ನಲವತ್ ದಿನುಕ್ಕೆ ಸೈನಿಕ ಅಲ್ದೆ ಓಯ್ತಾನಾ? ಆಕು ರುಜುವ."

ಪೆನ್ನು ಅವನ ಕೈಗೆ ಇಟ್ಟ. ಒಳಬಾಗಿಲಿನಲ್ಲಿ ಭಾಗ್ಯಲಕ್ಷ್ಮಿ ಬಂದು ನಿಂತಿದ್ದಳು. ಸಂಕ್ರಾಂತಿಗೆ ಇನ್ನು ಐದು ವಾರವಿತ್ತು. ಒಂದು ರುಜು ಬಿದ್ದರೆ ಆ ಮನುಷ್ಯ ಮತ್ತೆ ಎರಡು ಕಾಲಿನ ಮೇಲೆ ನಿಲ್ಲುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ನೀನೂ ನಮ್ಮವನೇ ಎಂದು ಸೈನಿಕನೊಬ್ಬ ಅವನ ಮನೆಗೇ ಬಂದು ಹೇಳಿದ್ದ. ಹಾಕಿಬಿಡಪ್ಪ ಎಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಸಿದ್ದರಾಮು ಪೆನ್ನಿನ ಮುಚ್ಚಳ ಹಾಕಿ, ಅರ್ಜಿಯನ್ನು ಎರಡು ಮಡಿಕೆ ಮಾಡಿ, ಹೊನ್ನಯ್ಯನ ಮುಂದೆ ಇಟ್ಟ. ಅವನು ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯುತ್ತೇನೆ. ಈ ಸಲ ನನ್ನದೇನೂ ಸೇರಿಸುವುದಿಲ್ಲ.

"ಸಾಬ್, ನೀವ್ ಬಂದ್ರಿ, ಅದೇ ನಂಗೆ ಒಟ್ಟೆ ತುಂಬ್ತು. ಗೌಡ್ರೆ, ನೀವೂ ಕೇಳ್ಕಳಿ, ಇಷ್ಟ್ ವರ್ಸ ನಿಮ್ಗೆ ಯೋಳಿರ್ನಿಲ್ಲ. ಬಂಡೂರ್ ಮಹದೇವು ಅಂತ ಒಬ್ಬ ನನ್ ಜೊತೇಲಿದ್ದ. ನಾನ್ ಇಲ್ಲಿ ಕಡೇ ಗದ್ದೆಗೆ ನೀರ್ ಆಯ್ಸೋವಾಗ ಅಲ್ಲಿ ನನ್ ಸರದಿಗೆ ಅವ್ನ್ ಅತ್ತುದ. ಮಂಜ್ ಜರೀತು. ಅವ್ನ್ ಇಳೀಲಿಲ್ಲ. ನಾನ್ ಓಗಿ ಮುಟ್ಟೋ ಒತ್ಗೆ ಅವುನ್ ಪೆಟ್ಗೇಗೆ ಬೀಗ ಆಕಿ ಊರಿಗ್ ಕಳ್ಸಿದ್ರು. ಅವರವ್ವ ಪಟ್ಟಲಮ್ಮ ಅವ್ಳೆ. ಆಯಮ್ಮಂಗೆ ಪಿಂಚಣಿ ಬತ್ತದೆ, ಉಣ್ಣಕ್ ಕಮ್ಮಿ ಇಲ್ಲ. ಆದ್ರೂ ವರ್ಸಾ ವರ್ಸಾ ಗೌಡ್ರ ಗದ್ದೆ ಚೀಲವ ಅಲ್ಲಿಗೇ ಆಕ್ ಬತ್ತೀನಿ. ಆ ಗದ್ದೆ ನೀರಿಗೆ ಓದ ಜೀವ ಅದು, ಆ ಬತ್ತ ಆ ಅವ್ವುಂದೇ. ನನ್ ಮಗುನ್ ಸ್ನೇಹಿತ ಬಂದ ಅಂತ ಮುದ್ದೆ ಇಕ್ತಳೆ. ತಿಂದ್ಕಬತ್ತೀನಿ. ಅವತ್ತು ಸರದಿ ನಂದಿತ್ತು ಕಣವ್ವ ಅಂತ ಯೋಳಕ್ಕೆ ಇಪ್ಪತ್ಮೂರ್ ವರ್ಸದಿಂದ ಬಾಯ್ ಬಂದಿಲ್ಲ. ನಮ್ ತಾತ ಕಡೇ ಗದ್ದೆಗೆ ನೀರ್ ಮುಟ್ಟುಸ್ನಿಲ್ಲ ಅಂದ್ರೆ ಆ ವರ್ಸ ಕಣಕ್ ಓಗ್ತಿರ್ನಿಲ್ಲ. ಇಲ್ಲಿ ನಾನ್ ನೀರ್ ಮುಟ್ಟುಸ್ದೆ, ಅದ್ಕೆ ಆಯ ತಗಂಡೊ. ಅಲ್ಲಿ ನನ್ ಸರದಿ ಮುಟ್ಟುಸ್ನಿಲ್ಲ ಸಾಬ್. ಅಲ್ಲೀ ಕಣಕ್ಕೆ ನಾನ್ ಬರಾಕಿಲ್ಲ. ಕಾಲು ಬ್ಯಾಡ, ಕಾಗ್ದ ತಗಂಡ್ ಓಗಿ. ಭಾಗ್ಯ, ಸಾಬ್ಗೆ ಕಾಪಿ ಕೊಡು."